ಸಂತೆಯ ಮತ್ತಿಯಲ್ಲಿ ಸಮುದ್ರದ ಲೆಕ್ಕ: ಕೊಡಗಿನ ಮನೆಗೊಂದು ಮೀನಿನ ಪುಸ್ತಕ

ಕೊಡಗಿನ ತೋಟದ ಮನೆಗಳಲ್ಲಿ ಮಳೆ ಪುಸ್ತಕ ಇಲ್ಲದ ಮನೆಯನ್ನು ಹುಡುಕಬೇಕು. ಬೆಳಿಗ್ಗೆ ಎದ್ದು ಮಳೆಮಾಪಕದ ನೀರನ್ನು ಅಳೆದು, ಇಂಚು ಸೆಂಟುಗಳಲ್ಲಿ ಬರೆದಿಡುವ ಅಭ್ಯಾಸ ಅಜ್ಜಂದಿರ ಕಾಲದಿಂದ ನಡೆದು ಬಂದಿದೆ. ಹೂಮಳೆ ಯಾವ ತಾರೀಕಿಗೆ ಬಿತ್ತು, ಆ ವರ್ಷ ಕಾಫಿ ಎಷ್ಟು ಚೀಲವಾಯಿತು ಎಂಬುದನ್ನು ಹಳೆಯ ಪುಟ ತಿರುವಿ ಹೇಳಬಲ್ಲವರು ಪ್ರತಿ ಊರಿನಲ್ಲೂ ಇದ್ದಾರೆ. ನನ್ನ ಕೋರಿಕೆ ಇಷ್ಟು: ಆ ಪುಸ್ತಕದ ಪಕ್ಕದಲ್ಲಿ ಇನ್ನೊಂದನ್ನು ಇಡಿ. ಅದು ಮೀನಿನ ಪುಸ್ತಕ.

ಬೆಟ್ಟದ ಮೇಲಿರುವ ನಮಗೆ ಸಮುದ್ರದ ಮೀನಿನ ಲೆಕ್ಕ ಏಕೆ ಎಂದು ಕೇಳುವವರಿದ್ದಾರೆ. ನಮ್ಮ ಊಟದ ಮೀನು ಘಾಟಿ ಹತ್ತಿ ಬರುತ್ತದೆ. ಮಂಗಳೂರಿನದು ಸಂಪಾಜೆಯ ಮೂಲಕ ಮಡಿಕೇರಿಗೆ, ಕಣ್ಣೂರು ತಲಶ್ಶೇರಿಯದು ಮಾಕುಟ್ಟದ ಮೂಲಕ ವಿರಾಜಪೇಟೆಗೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಸಂಪಾಜೆಯ ದಾರಿ ಮುಚ್ಚಿದಾಗ ಈ ನಂಟು ಎಷ್ಟು ಗಟ್ಟಿ ಎಂದು ಮಡಿಕೇರಿಯವರಿಗೆ ಅರ್ಥವಾಗಿತ್ತು. ಇನ್ನೊಂದು ನಂಟು ಕಣ್ಣಿಗೆ ಕಾಣದ್ದು. ಜೂನ್‌ನಲ್ಲಿ ತಲಕಾವೇರಿ, ಭಾಗಮಂಡಲಕ್ಕೆ ಮಳೆ ಸುರಿಸುವ ಮುಂಗಾರಿನ ಗಾಳಿಯೇ ಕರಾವಳಿಯ ಮೇಲ್ನೀರನ್ನು ಆಚೆಗೆ ಸರಿಸುತ್ತದೆ. ಆಗ ತಳದ ತಂಪು ನೀರು, ತಳದ ಪೋಷಕಾಂಶಗಳೊಂದಿಗೆ, ಮೇಲೇಳುತ್ತದೆ. ಅದರಿಂದ ಸೂಕ್ಷ್ಮ ಸಸ್ಯಗಳು ಹುಲುಸಾಗುತ್ತವೆ, ಅವುಗಳ ನಡುವೆ ಮೀನಿನ ಮರಿಗಳು ಬೆಳೆಯುತ್ತವೆ. ನಮ್ಮ ಮಳೆ ಪುಸ್ತಕದ ಜೂನ್ ಪುಟವೂ ಮೀನಿನ ಸಂತತಿಯ ಭವಿಷ್ಯವೂ ಒಂದೇ ಗಾಳಿಯ ಬರವಣಿಗೆ.

ನಾನು ಜೀವಶಾಸ್ತ್ರ ಕಲಿಸುತ್ತಿದ್ದ ದಿನಗಳಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಒಂದು ಮೇ ತಿಂಗಳ ಕೊನೆಯಲ್ಲಿ ಮನೆಗೆ ಬಂದು ಕೇಳಿದಳು: "ಟೀಚರ್, ಅಮ್ಮ ಕೊಯ್ದ ಮತ್ತಿ ಮೀನಿನಲ್ಲಿ ಹೊಟ್ಟೆ ತುಂಬ ಮೊಟ್ಟೆ. ಜನವರಿಯಲ್ಲಿ ಒಂದರಲ್ಲೂ ಇರಲಿಲ್ಲ. ಏಕೆ?" ಆ ದಿನ ನಾನು ಕೊಟ್ಟ ಉತ್ತರ ಪಠ್ಯಪುಸ್ತಕದ್ದು. ಸರಿಯಾದ ಉತ್ತರ ಅವಳ ಅಮ್ಮನ ಕತ್ತಿಯ ತುದಿಯಲ್ಲೇ ಇತ್ತು, ಹನ್ನೆರಡು ತಿಂಗಳು ಬರೆದಿಟ್ಟಿದ್ದರೆ. ಹಾಗೆ ಬರೆದಿಡುವುದು ಹೇಗೆ ಎಂದು ಹಂತ ಹಂತವಾಗಿ ಇಲ್ಲಿ ಹೇಳುತ್ತೇನೆ.

ಒಂದೇ ಜಾತಿಯನ್ನು ಆರಿಸಿಕೊಳ್ಳಿ

ಬಂಗುಡೆ, ಅಂಜಲ್, ಮಾಂಜಿ ಎಂದು ಎಲ್ಲವನ್ನೂ ಬರೆಯಲು ಹೊರಟರೆ ಪುಸ್ತಕ ಮೂರನೇ ತಿಂಗಳಿಗೆ ನಿಂತುಹೋಗುತ್ತದೆ. ನನ್ನ ಸಲಹೆ ಮತ್ತಿ. ಮಂಗಳೂರು ಕಡೆಯವರು ಇದನ್ನು ಬೂತಾಯಿ ಎನ್ನುತ್ತಾರೆ, ಉತ್ತರ ಕನ್ನಡದವರು ತಾರ್ಲೆ. ವಿಜ್ಞಾನದ ಹೆಸರು ಸಾರ್ಡಿನೆಲ್ಲ ಲಾಂಗಿಸೆಪ್ಸ್. ಲಾಂಗಿಸೆಪ್ಸ್ ಎಂದರೆ ಉದ್ದ ತಲೆಯದು, ಗುರುತು ಹಿಡಿಯುವುದಕ್ಕೂ ಅದೇ ಮುಖ್ಯ ಲಕ್ಷಣ. ಬಾಲದ ರೆಕ್ಕೆಯನ್ನು ಬಿಟ್ಟು ಅಳೆದರೆ ತಲೆಯೇ ದೇಹದ ಮೂರನೇ ಒಂದು ಭಾಗದಷ್ಟು ಇರುತ್ತದೆ. ಕಿವಿರಿನ ಮುಚ್ಚಳದ ಹಿಂಬದಿಯ ಅಂಚಿನಲ್ಲಿ ಒಂದು ಕಪ್ಪು ಚುಕ್ಕೆ ಇರುತ್ತದೆ. ಅದೇ ಬುಟ್ಟಿಯಲ್ಲಿ ಬರುವ, ತಲೆ ಚಿಕ್ಕದಾದ, ಮೈ ಅಗಲವಾದ ಮೀನುಗಳು ಮತ್ತಿಯ ಸೋದರ ಜಾತಿಗಳು. ಅವುಗಳನ್ನು ಸಾರಿಗೆ ಹಾಕಿ, ಪುಸ್ತಕಕ್ಕೆ ಬೇಡ.

ಮತ್ತಿಯನ್ನು ಆರಿಸಲು ಕಾರಣಗಳಿವೆ. ಅಗ್ಗ. ಹೊಟ್ಟೆ ತೆಗೆಯದೆ ಇಡಿಯಾಗಿ ಸಿಗುತ್ತದೆ. ಅಂಜಲ್ ನಮಗೆ ತುಂಡಾಗಿ ಸಿಗುವುದೇ ಹೆಚ್ಚು, ತುಂಡಿನಲ್ಲಿ ಸಂತಾನದ ಸುಳಿವು ಇರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮತ್ತಿಯ ಆಯುಸ್ಸು ಹೆಚ್ಚೆಂದರೆ ಎರಡೂವರೆ ವರ್ಷ. ಮೊದಲ ವರ್ಷದ ಕೊನೆಯ ಹೊತ್ತಿಗೆ, ಸುಮಾರು 15 ಸೆಂ.ಮೀ. ಉದ್ದಕ್ಕೆ, ಅದು ಪ್ರಾಯಕ್ಕೆ ಬರುತ್ತದೆ. ಅಂದರೆ ಎರಡು ಮೂರು ವರ್ಷದ ಪುಸ್ತಕದಲ್ಲಿ ಒಂದು ಇಡೀ ತಲೆಮಾರು ಹುಟ್ಟಿ, ಬೆಳೆದು, ಮೊಟ್ಟೆಯಿಟ್ಟು, ಮುಗಿದುಹೋಗುವುದನ್ನು ನೀವು ನೋಡಬಹುದು. ಆನೆಯನ್ನೋ ಹೊಳೆಯ ದೊಡ್ಡ ಮಹಶೀರ್ ಮೀನನ್ನೋ ಹೀಗೆ ನೋಡಲು ಒಂದು ಜನ್ಮವೇ ಬೇಕು.

ಎಲ್ಲ ಮೀನಿಗೂ ಮತ್ತಿಯ ಲೆಕ್ಕ ಹೊಂದುವುದಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಶಾರ್ಕ್‌ಗಳಲ್ಲಿ ಹಲವು ಜಾತಿಗಳು ಮರಿ ಹಾಕುತ್ತವೆ. ಮೀಸೆಯಿರುವ ಶೇಡೆ ಮೀನಿನಲ್ಲಿ ಗಂಡು ಮೊಟ್ಟೆಗಳನ್ನು ಬಾಯೊಳಗೇ ಇಟ್ಟುಕೊಂಡು, ಮರಿಯಾಗುವವರೆಗೆ ಉಣ್ಣದೆ ಕಾಯುತ್ತದೆ. ಅಂಥ ಗಂಡುಗಳ ಹಿಂಡು ಬಲೆಗೆ ಬಿದ್ದರೆ ಎರಡು ತಲೆಮಾರು ಒಟ್ಟಿಗೇ ಹೋದಂತೆ. ಬಂಡೆಗಳ ನಡುವೆ ವಾಸಿಸುವ ಮುರು ಮೀನು ಮೊದಲು ಹೆಣ್ಣಾಗಿದ್ದು, ದೊಡ್ಡದಾದ ಮೇಲೆ ಗಂಡಾಗುತ್ತದೆ. ದೊಡ್ಡವನ್ನೇ ಆರಿಸಿ ಹಿಡಿದರೆ ಅದರಲ್ಲಿ ಗಂಡುಗಳೇ ಉಳಿಯುವುದಿಲ್ಲ. ಮತ್ತಿಯದು ಸರಳ ಬಾಳು. ಹೆಣ್ಣು ಗಂಡು ಬೇರೆ ಬೇರೆ, ಹೆಣ್ಣು ಹತ್ತಾರು ಸಾವಿರ ಮೊಟ್ಟೆಗಳನ್ನು ನೀರಿಗೆ ಬಿಡುತ್ತದೆ, ಗಂಡು ಅಲ್ಲೇ ವೀರ್ಯ ಬಿಡುತ್ತದೆ, ಒಂದು ದಿನದ ಆಸುಪಾಸಿನಲ್ಲಿ ಮೊಟ್ಟೆಯೊಡೆದು ಮರಿ ಹೊರಬರುತ್ತದೆ. ಆಮೇಲೆ ತಾಯಿ ತಂದೆಯರ ಕಾವಲಿಲ್ಲ.

ಎಲ್ಲಿಯ ಮೀನು ಎಂದು ಕೇಳಿ ಬರೆಯಿರಿ

ಈ ಹಂತವನ್ನು ಜನ ಹಾರಿಸಿಬಿಡುತ್ತಾರೆ, ಪುಸ್ತಕ ಕೆಡುವುದೂ ಇಲ್ಲಿಯೇ. ನಾವು ಅಳೆಯುತ್ತಿರುವುದು ಒಂದು ಮೀನನ್ನಲ್ಲ, ಒಂದು ಸಂತತಿಯನ್ನು. ಒಂದೇ ಕಡಲಿನಲ್ಲಿ ಒಟ್ಟಿಗೆ ಬೆಳೆದು ಒಟ್ಟಿಗೆ ಮೊಟ್ಟೆಯಿಡುವ ಗುಂಪು ಅದು. ಮಂಗಳೂರು ಕಣ್ಣೂರುಗಳ ನಡುವಿನ ಮತ್ತಿಯನ್ನು ಒಂದೇ ಲೆಕ್ಕಕ್ಕೆ ಸೇರಿಸಬಹುದು. ಆದರೆ ಮತ್ತಿಯ ಬರಗಾಲದಲ್ಲಿ ಒಮಾನ್ ಕಡೆಯ ಹೆಪ್ಪುಗಟ್ಟಿಸಿದ ಮತ್ತಿ ಬರುತ್ತದೆ, ತಮಿಳುನಾಡಿನ ಮತ್ತಿಯೂ ಬರುತ್ತದೆ. ಅವನ್ನು ನಮ್ಮ ತೀರದ ಮತ್ತಿಯ ಪುಟದಲ್ಲಿ ಬರೆಯುವುದು ಶನಿವಾರಸಂತೆಯ ಮಳೆಯನ್ನು ಭಾಗಮಂಡಲದ ಮಳೆ ಎಂದು ಬರೆದಂತೆ.

ಆದ್ದರಿಂದ ನಾನು ಮಾರುವವರನ್ನೇ ಕೇಳುತ್ತೇನೆ. "ಕಾಕ, ಇವತ್ತಿನ ಮತ್ತಿ ಎಲ್ಲಿಯದು?" "ಕಣ್ಣೂರಿನದು ಟೀಚರ್, ರಾತ್ರಿ ಲಾರಿಗೆ ಹಾಕಿದ್ದು." ಅವರಿಗೆ ಮೀನು ಇಳಿಸಿದ ದಕ್ಕೆಯ ಹೆಸರೂ ದೋಣಿಯ ಬಗೆಯೂ ಗೊತ್ತಿರುತ್ತದೆ. ಗೌರವದಿಂದ ಕೇಳಿದರೆ, ಏಕೆ ಕೇಳುತ್ತಿದ್ದೀರಿ ಎಂದು ವಿವರಿಸಿದರೆ, ಖುಷಿಯಿಂದ ಹೇಳುತ್ತಾರೆ. ಮೀನಿನ ಬಗ್ಗೆ ನಾನು ಕಲಿತದ್ದರಲ್ಲಿ ಅರ್ಧಪಾಲು ಸಂತೆಯಲ್ಲಿ ಕಲಿತದ್ದು. ಯಾವ ಬಲೆ ಎಂದು ಸಹ ಕೇಳಿ. ಕಂತುಬಲೆಯ ಕಣ್ಣು ಒಂದೇ ಅಳತೆಯದು, ಅದರಲ್ಲಿ ಒಂದು ಗಾತ್ರದ ಮೀನು ಮಾತ್ರ ಸಿಕ್ಕಿಬೀಳುತ್ತದೆ. ಪರ್ಸೀನ್ ಬೋಟಿನ ದೊಡ್ಡ ಸುತ್ತುಬಲೆ ಹಿಂಡನ್ನೇ ಎತ್ತಿ ತರುತ್ತದೆ, ಚಿಕ್ಕದು ದೊಡ್ಡದು ಎಲ್ಲವೂ ಅದರಲ್ಲಿರುತ್ತವೆ. ನಮ್ಮ ಕೆಲಸಕ್ಕೆ ಎರಡನೆಯದೇ ಒಳ್ಳೆಯದು.

ತಿಂಗಳಿಗೊಮ್ಮೆ, ಒಂದೇ ವಾರದಲ್ಲಿ, ಒಂದೇ ಅಂಗಡಿಯಿಂದ ಎರಡು ಕಿಲೋ ಸಾಕು. ಹದವಾದ ಗಾತ್ರದ ಮತ್ತಿಯಾದರೆ ಐವತ್ತು ಅರವತ್ತು ಮೀನು ಸಿಗುತ್ತವೆ. ಮಡಿಕೇರಿಯ ಶುಕ್ರವಾರದ ಸಂತೆ ಇದಕ್ಕೆ ಅನುಕೂಲ. ಒಂದು ನಿಯಮ ಮರೆಯಬೇಡಿ: ಆರಿಸಬೇಡಿ. ದೊಡ್ಡದನ್ನು ಆರಿಸಿಕೊಳ್ಳುವುದು ನಮ್ಮ ಕೈಯ ಹುಟ್ಟುಗುಣ. ಗಾತ್ರ ನೋಡಿ ಬೇರೆ ಮಾಡುವ ಮೊದಲೇ, ಪೆಟ್ಟಿಗೆಯ ಒಂದು ಮೂಲೆಯಿಂದ ಕೈಗೆ ಬಂದಷ್ಟನ್ನು ತೂಗಲು ಹೇಳಿ. ಮಂಜುಗಡ್ಡೆಯ ಜೊತೆಗೇ ಮನೆಗೆ ತನ್ನಿ. ಮತ್ತಿ, ಬಂಗುಡೆಗಳನ್ನು ಬೆಚ್ಚಗಿಟ್ಟರೆ ಹಿಸ್ಟಮಿನ್ ಎಂಬ ವಸ್ತು ಹುಟ್ಟುತ್ತದೆ. ಬೇಯಿಸಿದರೂ ಅದು ಹೋಗುವುದಿಲ್ಲ, ತಿಂದವರಿಗೆ ಮೈ ಕೆಂಪಾಗಿ ತುರಿಕೆ, ತಲೆನೋವು ಬರಬಹುದು. ಅಳತೆಯ ಉತ್ಸಾಹದಲ್ಲಿ ಮೀನನ್ನು ಮೇಜಿನ ಮೇಲೆ ಗಂಟೆಗಟ್ಟಲೆ ಬಿಡಬೇಡಿ. ಹತ್ತು ಹತ್ತರಂತೆ ಹೊರತೆಗೆಯಿರಿ.

ಉದ್ದ, ತೂಕ

ಮೂರಡಿ ಸಿಲ್ವರ್ ಓಕ್ ಹಲಗೆಯ ತುಂಡು ತೆಗೆದುಕೊಂಡು, ಒಂದು ತುದಿಗೆ ನೆಟ್ಟಗೆ ಒಂದು ಪಟ್ಟಿ ಹೊಡೆಯಿರಿ. ಆ ಪಟ್ಟಿಗೆ ಸೊನ್ನೆ ತಾಗುವಂತೆ ಅಳತೆಪಟ್ಟಿಯನ್ನು ಅಂಟಿಸಿ. ಮೀನಿನ ಬಾಯಿ ಮುಚ್ಚಿಸಿ, ಮೂತಿಯನ್ನು ಪಟ್ಟಿಗೆ ತಾಗಿಸಿ, ಬಾಲದ ಉದ್ದನೆಯ ತುದಿಯವರೆಗೆ ಮಿಲಿಮೀಟರ್‌ಗಳಲ್ಲಿ ಓದಿ. ಇದು ಪೂರ್ಣ ಉದ್ದ. ಬಾಲ ಮುರಿದಿದ್ದರೆ ಆ ಮೀನನ್ನು ಬಿಟ್ಟುಬಿಡಿ, ಅಂದಾಜು ಬೇಡ.

ತೂಕಕ್ಕೆ ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿ ಸಾಕು. ಮೀನನ್ನು ಬಟ್ಟೆಯಿಂದ ಒತ್ತಿ ನೀರು ತೆಗೆದು ತೂಗಿ. ಹೊಟ್ಟೆಯೊಳಗಿನ ಸಂತಾನದ ಗ್ರಂಥಿಗಳನ್ನು ತೂಗಲು ಮಾತ್ರ ಚಿನ್ನದಂಗಡಿಯವರು ಬಳಸುವಂಥ, ಗ್ರಾಮಿನ ನೂರನೇ ಒಂದು ಭಾಗವನ್ನು ತೋರಿಸುವ ಪುಟ್ಟ ತಕ್ಕಡಿ ಬೇಕು. ಒಂದು ಶಾಲೆಗೆ ಒಂದು ಸಾಕು.

ಉದ್ದ ಎರಡು ಪಟ್ಟಾದರೆ ತೂಕ ಎರಡು ಪಟ್ಟಾಗುವುದಿಲ್ಲ, ಸುಮಾರು ಎಂಟು ಪಟ್ಟಾಗುತ್ತದೆ. ಮೀನು ಉದ್ದಕ್ಕೆ ಮಾತ್ರವಲ್ಲ, ಅಗಲಕ್ಕೂ ದಪ್ಪಕ್ಕೂ ಬೆಳೆಯುತ್ತದಲ್ಲ! ಇದೇ ಕಾರಣದಿಂದ ಗ್ರಾಮಿನಲ್ಲಿರುವ ತೂಕವನ್ನು ಸೆಂಟಿಮೀಟರಿನಲ್ಲಿರುವ ಉದ್ದದ ಘನದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಮೀನಿನ ಮೈಕಟ್ಟಿನ ಸಂಖ್ಯೆ ಸಿಗುತ್ತದೆ. ಉದಾಹರಣೆಗೆ 16 ಸೆಂ.ಮೀ. ಉದ್ದದ ಮೀನು 41 ಗ್ರಾಮ್ ಇದ್ದರೆ ಈ ಸಂಖ್ಯೆ 1. ಅದೇ ಉದ್ದದ ಇನ್ನೊಂದು 34 ಗ್ರಾಮ್ ಇದ್ದರೆ 0.83. ಮೊದಲನೆಯದು ಚೆನ್ನಾಗಿ ಮೇದಿದೆ, ಎರಡನೆಯದು ಸೊರಗಿದೆ ಅಥವಾ ಈಗಷ್ಟೇ ಮೊಟ್ಟೆಯಿಟ್ಟು ಬಂದಿದೆ. ಯಾವುದೆಂದು ತಿಳಿಯಲು ಹೊಟ್ಟೆಯನ್ನು ತೆರೆಯಬೇಕು.

ಹೊಟ್ಟೆಯನ್ನು ತೆರೆದು ಓದುವುದು

ಈ ಕೆಲಸದ ಜೀವ ಇರುವುದೇ ಇಲ್ಲಿ. ಗುದದ್ವಾರದಿಂದ ಕಿವಿರಿನವರೆಗೆ ಚಿಕ್ಕ ಕತ್ತರಿಯಿಂದ ಮೇಲುಮೇಲೆ ಕತ್ತರಿಸಿ. ಆಳಕ್ಕೆ ಹೋದರೆ ಕರುಳು ಹರಿದು ಎಲ್ಲವೂ ಕಲಸಿಹೋಗುತ್ತದೆ. ಸುರುಳಿ ಸುತ್ತಿದ ಕರುಳನ್ನು ಮೆಲ್ಲಗೆ ಬದಿಗೆ ಸರಿಸಿದರೆ, ಅದರ ಮೇಲೆ, ಬೆನ್ನುಮೂಳೆಯ ಕೆಳಗೆ, ಉದ್ದುದ್ದ ಜೋಡಿ ಗ್ರಂಥಿಗಳು ಕಾಣುತ್ತವೆ. ಹೆಣ್ಣಿನದಾದರೆ ಅಂಡಾಶಯ: ಉರುಟಾದ ಚೀಲ, ಬಣ್ಣ ನಸುಗೆಂಪಿನಿಂದ ಹಳದಿಯವರೆಗೆ. ಗಂಡಿನದಾದರೆ ವೃಷಣ: ಬಿಳಿ, ಚಪ್ಪಟೆ, ಅಂಚು ಚೂಪಾದ ಪಟ್ಟಿ. ನಮ್ಮ ಮನೆಗಳಲ್ಲಿ ಎರಡನ್ನೂ ಮೊಟ್ಟೆ ಎಂದೇ ಕರೆದು ಹುರಿಯುತ್ತಾರೆ. ಪುಸ್ತಕದಲ್ಲಿ ಮಾತ್ರ ಬೇರೆ ಬೇರೆ ಬರೆಯಿರಿ.

ವಿಜ್ಞಾನಿಗಳು ಪ್ರಾಯದ ಹಂತಗಳನ್ನು ಏಳಾಗಿ ವಿಂಗಡಿಸುತ್ತಾರೆ. ಮನೆಗೆ ಐದು ಸಾಕು, ಆದರೆ ಆ ಐದನ್ನು ಕಣ್ಣಿಗೆ ಚೆನ್ನಾಗಿ ಪಳಗಿಸಬೇಕು. ಒಂದನೆಯದರಲ್ಲಿ ಗ್ರಂಥಿ ದಾರದಂತೆ ತೆಳು, ಪಾರದರ್ಶಕ, ಹೆಣ್ಣೋ ಗಂಡೋ ಹೇಳುವುದೇ ಕಷ್ಟ. ಇದು ಎಳೆಯ ಮೀನು. ಎರಡನೆಯದರಲ್ಲಿ ಗ್ರಂಥಿ ಹೊಟ್ಟೆಯ ಅರ್ಧ ಉದ್ದಕ್ಕೆ ಬಂದಿರುತ್ತದೆ, ಬಣ್ಣ ಬಂದಿರುತ್ತದೆ, ಆದರೆ ಬರಿಗಣ್ಣಿಗೆ ಮೊಟ್ಟೆಯ ಕಾಳು ಕಾಣುವುದಿಲ್ಲ. ಮೂರನೆಯದರಲ್ಲಿ ಹೊಟ್ಟೆಯ ಬಹುಭಾಗ ತುಂಬಿ, ಹಳದಿ ಕಾಳುಗಳು ರವೆಯಂತೆ ಕಾಣಿಸುತ್ತವೆ. ನಾಲ್ಕನೆಯದು ಮಾಗಿದ ಹಂತ. ಕಾಳುಗಳು ಊದಿ ಗಾಜಿನಂತೆ ಪಾರದರ್ಶಕವಾಗುತ್ತವೆ, ಹೊಟ್ಟೆಯನ್ನು ಸ್ವಲ್ಪ ಒತ್ತಿದರೂ ಹೊರಗೆ ಜಾರುತ್ತವೆ. ಗಂಡಿನಲ್ಲಿ ಹಾಲಿನಂಥ ದ್ರವ ಒಸರುತ್ತದೆ. ಐದನೆಯದರಲ್ಲಿ ಚೀಲ ಜೋತುಬಿದ್ದು, ಕೆಂಪಗೆ ರಕ್ತ ಕಟ್ಟಿ, ಒಳಗೆ ಅಲ್ಲೊಂದು ಇಲ್ಲೊಂದು ಉಳಿದ ಕಾಳುಗಳಿರುತ್ತವೆ. ಮೊಟ್ಟೆಯಿಟ್ಟು ಮುಗಿಸಿದ ತಾಯಿ ಅದು.

ಹೆಪ್ಪುಗಟ್ಟಿಸಿ ಕರಗಿಸಿದ ಮೀನಿನಲ್ಲಿ ಈ ಹಂತಗಳನ್ನು ಗುರುತಿಸಲು ಹೋಗಬೇಡಿ. ಮಂಜಿನ ಹರಳು ಕಾಳುಗಳನ್ನು ಒಡೆದಿರುತ್ತದೆ, ಮೂರನೆಯ ಹಂತದ್ದೂ ಐದನೆಯದರಂತೆ ಕಾಣುತ್ತದೆ. ಆರಂಭದಲ್ಲಿ ಇದೇ ತಪ್ಪಿನಿಂದ ನನ್ನ ಒಂದು ತಿಂಗಳ ಪುಟ ಪೂರ್ತಿ ಹಾಳಾಯಿತು.

ಗ್ರಂಥಿಯನ್ನು ಹುಷಾರಾಗಿ ಬಿಡಿಸಿ ತೂಗಿ. ಅದನ್ನು ಮೀನಿನ ತೂಕದಿಂದ ಭಾಗಿಸಿ ನೂರರಿಂದ ಗುಣಿಸಿ. 50 ಗ್ರಾಮಿನ ಮೀನಿನಲ್ಲಿ 2.5 ಗ್ರಾಮ್ ಅಂಡಾಶಯವಿದ್ದರೆ ಸೂಚ್ಯಂಕ 5. ಮೈತೂಕದಲ್ಲಿ ಗ್ರಂಥಿಯ ಪಾಲು ನೂರಕ್ಕೆ ಎಷ್ಟು ಎಂಬ ಈ ಲೆಕ್ಕವನ್ನು ಜಿ.ಎಸ್.ಐ. ಎನ್ನುತ್ತಾರೆ. ಹೆಣ್ಣುಗಳ ಸರಾಸರಿಯನ್ನು ತಿಂಗಳಿಗೊಂದು ಚುಕ್ಕೆಯಾಗಿ ಗ್ರಾಫ್ ಹಾಳೆಯಲ್ಲಿ ಇಡುತ್ತಾ ಹೋಗಿ. ಚುಕ್ಕೆಗಳು ಏರುತ್ತಾ ಹೋಗಿ ಒಂದು ತಿಂಗಳಲ್ಲಿ ಥಟ್ಟನೆ ಕುಸಿದರೆ ಆ ನಡುವೆ ಮೊಟ್ಟೆ ಕಡಲಿಗೆ ಬಿದ್ದಿದೆ ಎಂದರ್ಥ.

ಕರುಳಿನ ಸುತ್ತ ಬಿಳಿಯ ಕೊಬ್ಬು ಇದೆಯೇ ಎಂಬುದನ್ನೂ ಒಂದು ಪದದಲ್ಲಿ ಬರೆಯಿರಿ. ಮಳೆಗಾಲದ ನಂತರ ಚೆನ್ನಾಗಿ ಮೇಯ್ದ ಮತ್ತಿಯಲ್ಲಿ ಕೊಬ್ಬು ತುಂಬಿರುತ್ತದೆ. ಬಾಣಲೆಗೆ ಹಾಕಿದರೆ ತನ್ನದೇ ಎಣ್ಣೆಯಲ್ಲಿ ಹುರಿದುಕೊಳ್ಳುವುದು ಈ ಮೀನೇ. ಗ್ರಂಥಿ ಬೆಳೆಯುವಾಗ ಆ ಕೊಬ್ಬು ಕರಗುತ್ತದೆ. ಕೂಡಿಟ್ಟದ್ದನ್ನೆಲ್ಲ ತಾಯಿ ಮೊಟ್ಟೆಗೆ ಸುರಿಯುತ್ತಾಳೆ. ವರ್ಷಪೂರ್ತಿ ಬರೆದವರ ಪುಸ್ತಕದಲ್ಲಿ ಕೊಬ್ಬು ಇಳಿಯುವುದೂ ಗ್ರಂಥಿ ಏರುವುದೂ ತಕ್ಕಡಿಯ ಎರಡು ತಟ್ಟೆಗಳಂತೆ ಕಾಣಿಸುತ್ತದೆ. ಇದನ್ನು ಮೊದಲ ಬಾರಿ ಹಾಳೆಯ ಮೇಲೆ ನೋಡಿದ ದಿನ ನಾನು ಬಹಳ ಹೊತ್ತು ಅಲ್ಲೇ ಕುಳಿತಿದ್ದೆ.

ಮಳೆಗಾಲದ ಖಾಲಿ ಪುಟ

ಮತ್ತಿ ಮೊಟ್ಟೆಯಿಡುವುದು ಮುಖ್ಯವಾಗಿ ಜೂನ್‌ನಿಂದ ಆಗಸ್ಟ್‌ವರೆಗೆ. ಕರ್ನಾಟಕದಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ. ಕೇರಳದಲ್ಲಿ ಟ್ರಾಲ್ ದೋಣಿಗಳಿಗೆ 52 ದಿನ. ಅಂದರೆ ನಮಗೆ ಬಹಳ ಬೇಕಾದ ತಿಂಗಳುಗಳಲ್ಲೇ ಸಂತೆಯಲ್ಲಿ ನಮ್ಮ ತೀರದ ಮೀನು ಅಪರೂಪ. ಸಿಕ್ಕಿದರೂ ನಾಡದೋಣಿಯವರು ತಂದದ್ದು. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ ಇರುವುದರಿಂದ, ಜೂನ್ ಮಧ್ಯದ ನಂತರ ತಮಿಳುನಾಡಿನ ಮೀನು ಹೆಚ್ಚು ಬರುತ್ತದೆ. ಅದನ್ನು ಬೇರೆ ಬಣ್ಣದ ಶಾಯಿಯಲ್ಲಿ ಬರೆಯಿರಿ.

ಖಾಲಿ ಪುಟಕ್ಕೆ ಹೆದರಬೇಕಿಲ್ಲ. ಹೂ ಬಿಟ್ಟ ವಾರ ತೋಟಕ್ಕೆ ಹೋಗಲಾಗದವರು ಆಮೇಲೆ ಮಿಡಿಗಚ್ಚಿದ್ದನ್ನು ನೋಡಿ ಹೂವಿನ ಕಥೆ ಹೇಳುವುದಿಲ್ಲವೇ? ಮೇ ಕೊನೆಯಲ್ಲಿ ಮೂರು ನಾಲ್ಕನೆಯ ಹಂತದವು ಎಷ್ಟು, ಆಗಸ್ಟ್ ಮೊದಲ ವಾರದಲ್ಲಿ ಐದನೆಯ ಹಂತದವು ಎಷ್ಟು ಎಂದು ನೋಡಿದರೆ ನಡುವೆ ನಡೆದದ್ದು ತಿಳಿಯುತ್ತದೆ. ಕಕ್ಕಡ ತಿಂಗಳಲ್ಲಿ ನಾವು ಒಣಮೀನು, ಏಡಿಗಳಲ್ಲಿ ಕಾಲ ಕಳೆಯುವಾಗ ಅಲ್ಲಿ ಕಡಲಿನಲ್ಲಿ ಮುಂದಿನ ವರ್ಷದ ಮತ್ತಿ ಹುಟ್ಟುತ್ತಿರುತ್ತದೆ. ಆ ಎರಡು ತಿಂಗಳು ಮೀನು ತುಟ್ಟಿಯೆಂದು ಗೊಣಗುವುದನ್ನು ನಾನು ಬಿಟ್ಟುಬಿಟ್ಟಿದ್ದೇನೆ.

ಮೊದಲ ಬಾರಿ ತಾಯಾಗುವ ಉದ್ದ

ಮೇ ತಿಂಗಳ ಪುಟಗಳಿಂದ ಹೆಣ್ಣುಗಳನ್ನು ಸೆಂಟಿಮೀಟರಿಗೊಂದು ಗುಂಪಾಗಿ ವಿಂಗಡಿಸಿ. ಪ್ರತಿ ಗುಂಪಿನಲ್ಲಿ ಮೂರನೆಯ ಹಂತ ಅಥವಾ ಅದಕ್ಕೂ ಮುಂದಿನವು ನೂರಕ್ಕೆ ಎಷ್ಟು ಎಂದು ಬರೆಯಿರಿ. ಉದಾಹರಣೆಗೆ, 13ರ ಗುಂಪಿನ ಹತ್ತರಲ್ಲಿ ಒಂದು, 14ರಲ್ಲಿ ಹತ್ತಕ್ಕೆ ಮೂರು, 15ರಲ್ಲಿ ಆರು, 16ರಲ್ಲಿ ಒಂಬತ್ತು ಪ್ರಾಯಕ್ಕೆ ಬಂದಿವೆ ಎನ್ನೋಣ. ಚುಕ್ಕೆಗಳನ್ನು ಸೇರಿಸಿದ ಗೆರೆ 50ನ್ನು ದಾಟುವ ಜಾಗ ಹದಿನಾಲ್ಕೂವರೆಗಿಂತ ತುಸು ಮೇಲೆ. ಅರ್ಧದಷ್ಟು ಹೆಣ್ಣುಗಳು ತಾಯಾಗಲು ಸಿದ್ಧವಾದ ಉದ್ದ ಅದು. ಈ ಲೆಕ್ಕವನ್ನು ಮೊಟ್ಟೆಯ ಕಾಲದಲ್ಲಿ ಮಾತ್ರ ಮಾಡಬೇಕು. ಡಿಸೆಂಬರ್‌ನಲ್ಲಿ ಮಾಡಿದರೆ ವಿಶ್ರಾಂತಿಯಲ್ಲಿರುವ ತಾಯಿಯನ್ನೂ ಎಳೆಯದು ಎಂದು ಬರೆಯುತ್ತೀರಿ.

ಕೇರಳದಲ್ಲಿ ಹಿಡಿಯಲು ಕಾನೂನು ಒಪ್ಪುವ ಕನಿಷ್ಠ ಉದ್ದ ಮತ್ತಿಗೆ 10 ಸೆಂ.ಮೀ., ಬಂಗುಡೆಗೆ 14 ಸೆಂ.ಮೀ. ಇದನ್ನು ನಿಮ್ಮ ಗೆರೆಯ ಪಕ್ಕದಲ್ಲಿಟ್ಟು ನೋಡಿ. ಕಾನೂನಿನ ಉದ್ದಕ್ಕೂ ತಾಯಾಗುವ ಉದ್ದಕ್ಕೂ ನಡುವೆ ದೊಡ್ಡ ಅಂತರವಿದೆ. ಮೀನುಗಾರರ ಹೊಟ್ಟೆಪಾಡನ್ನೂ ನೋಡಿ ಮಾಡಿದ ಮಧ್ಯದ ದಾರಿ ಅದು, ನಾನು ಅದನ್ನು ಹಳಿಯುವುದಿಲ್ಲ. 1940ರ ದಶಕದಲ್ಲಿ ಮತ್ತಿ ಕಡಿಮೆಯಾದಾಗ ಮದ್ರಾಸ್ ಸರ್ಕಾರ ಎಳೆಯ ಮತ್ತಿ ಹಿಡಿಯುವುದಕ್ಕೆ ನಿರ್ಬಂಧ ಹೇರಿ, ಕೆಲವೇ ವರ್ಷಗಳಲ್ಲಿ ಹಿಂತೆಗೆದುಕೊಂಡಿತ್ತು. ಆದರೆ ಕೊಳ್ಳುವ ನಮಗೆ ಯಾವ ಒತ್ತಡವಿದೆ? ಬೆರಳುದ್ದದ ಮತ್ತಿ ಬುಟ್ಟಿಯಲ್ಲಿ ಕಂಡಾಗ ಬೇಡವೆನ್ನಲು ನಮಗೆ ಕಾನೂನು ಬೇಕಿಲ್ಲ.

ಬೆಳವಣಿಗೆಯನ್ನು ಹಿಡಿಯುವುದು

ಒಂದೇ ಮೀನನ್ನು ಎರಡು ಬಾರಿ ಅಳೆಯಲಾಗದು, ಅಳೆದದ್ದು ಸಾರಿಗೆ ಹೋಗಿರುತ್ತದೆ. ಹಾಗಿದ್ದರೆ ಬೆಳವಣಿಗೆ ತಿಳಿಯುವುದು ಹೇಗೆ? ಶಾಲೆಯಲ್ಲಿ ಮಕ್ಕಳ ಎತ್ತರ ಅಳೆಯುವುದನ್ನು ನೆನಪಿಸಿಕೊಳ್ಳಿ. ಐದನೇ ತರಗತಿಯ ಮಕ್ಕಳ ಹೆಸರು ಗೊತ್ತಿಲ್ಲದಿದ್ದರೂ, ಪ್ರತಿ ಜೂನ್‌ನಲ್ಲಿ ಇಡೀ ಗುಂಪಿನ ಎತ್ತರ ಅಳೆದರೆ ಗುಂಪು ಎಷ್ಟು ಬೆಳೆಯಿತು ಎಂದು ಹೇಳಬಹುದು. ಡೆನ್ಮಾರ್ಕಿನ ಪೀಟರ್‌ಸನ್ 1890ರ ದಶಕದಲ್ಲಿ ಮೀನಿಗೆ ಈ ಉಪಾಯ ಬಳಸಿದರು.

ಒಂದೊಂದು ತಿಂಗಳಿಗೂ ಒಂದು ಉದ್ದನೆಯ ಕಾಗದದ ಪಟ್ಟಿ ಮಾಡಿ. ಅರ್ಧ ಸೆಂಟಿಮೀಟರಿಗೊಂದು ಮನೆ ಹಾಕಿ, ಪ್ರತಿ ಮನೆಯಲ್ಲಿ ಎಷ್ಟು ಮೀನು ಎಂದು ಕಂಬ ಎಬ್ಬಿಸಿ. ಪಟ್ಟಿಗಳನ್ನು ಒಂದರ ಕೆಳಗೊಂದು ಗೋಡೆಗೆ ಅಂಟಿಸಿ. ಕಂಬಗಳು ಗುಡ್ಡವಾಗಿ ನಿಲ್ಲುತ್ತವೆ, ಆ ಗುಡ್ಡ ತಿಂಗಳಿಂದ ತಿಂಗಳಿಗೆ ಬಲಕ್ಕೆ ಸರಿಯುತ್ತದೆ. ಸೆಪ್ಟೆಂಬರ್‌ನಲ್ಲಿ 10ರ ಮೇಲಿದ್ದ ಗುಡ್ಡ ನವೆಂಬರ್‌ನಲ್ಲಿ 12ರ ಮೇಲಿದ್ದರೆ ಬೆಳವಣಿಗೆ ತಿಂಗಳಿಗೆ ಒಂದು ಸೆಂಟಿಮೀಟರ್. ಎಳೆಯದರಲ್ಲಿ ಗುಡ್ಡ ಓಡುತ್ತದೆ, ದೊಡ್ಡದರಲ್ಲಿ ತೆವಳುತ್ತದೆ. ಈ ನಿಧಾನವಾಗುವಿಕೆಗೆ 1938ರಲ್ಲಿ ಲುಡ್ವಿಗ್ ಫಾನ್ ಬರ್ಟಲನ್ಫಿ ಕೊಟ್ಟ ಸಮೀಕರಣವನ್ನು ಇಂದಿಗೂ ಮೀನು ವಿಜ್ಞಾನಿಗಳು ಬಳಸುತ್ತಾರೆ. ಪಿಯುಸಿ ಓದುವ ಮಕ್ಕಳಿದ್ದರೆ ಅವರಿಂದ ಆ ಗೆರೆ ಎಳೆಸಿ. ಇಲ್ಲದವರಿಗೆ ಗೋಡೆಯ ಮೇಲೆ ಸರಿಯುವ ಗುಡ್ಡವೇ ಸಾಕು.

ಕೆಲವೊಮ್ಮೆ ಗುಡ್ಡ ಹಿಂದಕ್ಕೆ, ಎಡಕ್ಕೆ, ಸರಿದಂತೆ ಕಾಣುತ್ತದೆ. ಮೀನು ಕುಗ್ಗಿದ್ದಲ್ಲ. ಹೊಸ ತಲೆಮಾರು ಬಲೆಗೆ ಬಂದಿದೆ ಅಥವಾ ದೊಡ್ಡವು ಆಚೆ ನೀರಿಗೆ ಹೋಗಿವೆ. ಎರಡು ಗುಡ್ಡ ಕಂಡರೆ ಎರಡು ತಲೆಮಾರು ಒಟ್ಟಿಗೆ ಈಜುತ್ತಿವೆ ಎಂದು ತಿಳಿಯಿರಿ.

ಚಿಕ್ಕದೆಲ್ಲ ಎಳೆಯದಲ್ಲ

2012ರಲ್ಲಿ ಕೇರಳದ ದಕ್ಕೆಗಳಿಗೆ ಸುಮಾರು ನಾಲ್ಕು ಲಕ್ಷ ಟನ್ ಮತ್ತಿ ಬಂದಿತ್ತು. 2021ರಲ್ಲಿ ಬಂದದ್ದು 3,297 ಟನ್. ಕೊಚ್ಚಿಯ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಲೆಕ್ಕ ಇದು. 2015ರ ಎಲ್ ನಿನೊ ಎಂಬ ಹವಾಮಾನದ ಏರುಪೇರು ಸಮುದ್ರವನ್ನು ಬೆಚ್ಚಗೆ ಮಾಡಿ ಮತ್ತಿಯ ಬೆಳವಣಿಗೆಗೂ ಸಂತಾನಕ್ಕೂ ಪೆಟ್ಟು ಕೊಟ್ಟದ್ದು ಆ ಕುಸಿತದ ಕಾರಣಗಳಲ್ಲಿ ಒಂದು ಎಂದು ವಿಜ್ಞಾನಿಗಳು ಹೇಳಿದ್ದಾರೆ. ಇತ್ತೀಚೆಗೆ ಮತ್ತಿ ಮರಳಿ ಬಂತು, ಆದರೆ 2025ರಲ್ಲಿ ಬಂದದ್ದು ಬಹುಪಾಲು ಸಣ್ಣ ಮೀನು. 2024ರ ಮಳೆಗಾಲ ಅನುಕೂಲವಾಗಿ ಮರಿಗಳು ವಿಪರೀತ ಉಳಿದುಕೊಂಡವು, ಮೇವು ಸಾಲದೆ ಅವು ಬೆಳೆಯಲಿಲ್ಲ ಎಂಬುದು ಅದೇ ಸಂಸ್ಥೆಯ ವಿವರಣೆ. ಒತ್ತಾಗಿ ಬಿತ್ತಿದ ಸಸಿಮಡಿಯಲ್ಲಿ ಸಸಿ ಸೊರಗುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ಸಣ್ಣ ಮತ್ತಿ ಕಂಡ ಕೂಡಲೇ ಎಳೆಯದು ಎಂದು ಬರೆಯಬೇಡಿ. 12 ಸೆಂ.ಮೀ. ಮೀನಿನ ಗ್ರಂಥಿ ಮೂರನೆಯ ಹಂತದಲ್ಲಿದ್ದು, ಮೈಕಟ್ಟಿನ ಸಂಖ್ಯೆ ಕಡಿಮೆ ಇದ್ದರೆ ಅದು ಹಸಿದು ಕುಳ್ಳಾದ ಪ್ರಾಯದ ಮೀನು. ಗ್ರಂಥಿ ದಾರದಂತಿದ್ದು ಮೈ ತುಂಬಿಕೊಂಡಿದ್ದರೆ ಅದು ನಿಜವಾಗಿ ಮಗು. ಉದ್ದ ಒಂದೇ, ಕಥೆ ಬೇರೆ.

ಕಿವಿಕಲ್ಲು

ವಯಸ್ಸಿಗೆ ಗಟ್ಟಿ ಸಾಕ್ಷಿ ಮೀನಿನ ತಲೆಯೊಳಗಿದೆ. ಕಿವಿಯ ಭಾಗದಲ್ಲಿ ಸುಣ್ಣದ ಪುಟ್ಟ ಕಲ್ಲುಗಳಿರುತ್ತವೆ, ಪ್ರತಿ ಬದಿಗೆ ಮೂರು. ಮತ್ತಿಯದು ಎಳ್ಳಿನ ಕಾಳಿನಷ್ಟು ಸಣ್ಣದು, ಕಳೆದುಹೋಗುತ್ತದೆ. ಕಲಿಯುವುದಕ್ಕೆ ಕಲ್ಲೂರು ಮೀನಿನ ತಲೆ ತನ್ನಿ. ಆ ಬಳಗದ ಮೀನುಗಳ ಕಿವಿಕಲ್ಲು ದೊಡ್ಡದು. ಕಣ್ಣಿನ ಮೇಲಿನಿಂದ ಹಿಂದಕ್ಕೆ ತಲೆಯ ಮೇಲ್ಭಾಗವನ್ನು ಓರೆಯಾಗಿ ಕತ್ತರಿಸಿ, ಮಿದುಳನ್ನು ಸರಿಸಿದರೆ, ಹಿಂಬದಿಯ ಇಕ್ಕೆಲದಲ್ಲಿ ಎರಡು ದೊಡ್ಡ ಬಿಳಿ ಕಲ್ಲು ಕಾಣುತ್ತವೆ. ಚಿಮಟದಿಂದ ತೆಗೆದು, ತೊಳೆದು, ಒಣಗಿಸಿ, ಕಪ್ಪು ಕಾಗದದ ಮೇಲಿಟ್ಟು ಭೂತಗನ್ನಡಿಯಲ್ಲಿ ನೋಡಿ. ಬಿಳಿ ಪಟ್ಟೆ, ಕಪ್ಪು ಪಟ್ಟೆ ಒಂದರ ಸುತ್ತ ಒಂದು ಇರುತ್ತವೆ.

ಮರದ ಉಂಗುರ ಎಣಿಸಿದಂತೆ ಇವುಗಳನ್ನು ವರ್ಷ ಎಂದು ಎಣಿಸಬೇಡಿ. ಚಳಿದೇಶದ ಕಡಲಿನಲ್ಲಿ ಅದು ಸರಿ, ಅಲ್ಲಿ ಚಳಿಗಾಲಕ್ಕೆ ಬೆಳವಣಿಗೆ ನಿಂತು ಗುರುತು ಬೀಳುತ್ತದೆ. ನಮ್ಮ ಬೆಚ್ಚಗಿನ ಕಡಲಿನಲ್ಲಿ ಪಟ್ಟೆಗೆ ಮೊಟ್ಟೆಯಿಟ್ಟ ಆಯಾಸವೋ ಮೇವಿನ ಕೊರತೆಯೋ ಕಾರಣವಿರಬಹುದು. ಕಲ್ಲನ್ನು ತೆಳುವಾಗಿ ತೇಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ದಿನಕ್ಕೊಂದರಂತೆ ಉಂಗುರಗಳು ಕಾಣುತ್ತವೆ ಎಂದು ಜಾರ್ಜಿಯೊ ಪನ್ನೆಲ್ಲ 1971ರಲ್ಲಿ ತೋರಿಸಿದರು. ಒಂದು ಮೀನು ಹುಟ್ಟಿದ ದಿನವನ್ನೇ ಹಿಂದಕ್ಕೆ ಎಣಿಸಿ ಹೇಳಬಹುದು! ಅದು ಪ್ರಯೋಗಾಲಯದ ಕೆಲಸ. ನಾವು ಮಾಡಬಹುದಾದದ್ದು ಕಲ್ಲುಗಳನ್ನು ದಿನಾಂಕ, ಉದ್ದ ಬರೆದ ಕಾಗದದ ಪೊಟ್ಟಣಗಳಲ್ಲಿ ಒಣಗಿಸಿಡುವುದು. ನಿಮ್ಮ ಮಗಳೋ ಶಿಷ್ಯನೋ ಮುಂದೆ ಮಂಗಳೂರಿನ ಮೀನುಗಾರಿಕೆ ಕಾಲೇಜು ಸೇರಿದರೆ ಆ ಪೊಟ್ಟಣಗಳಿಗೆ ಬೆಲೆ ಬರುತ್ತದೆ.

ಪುಟದ ಅಂಕಣಗಳು

ದಿನಾಂಕ, ಅಂಗಡಿ, ಎಲ್ಲಿಯ ಮೀನು, ಯಾವ ಬಲೆ: ಇವು ಪುಟದ ನೆತ್ತಿಯ ಮೇಲೆ. ಕೆಳಗೆ ಪ್ರತಿ ಮೀನಿಗೆ ಒಂದು ಸಾಲು: ಉದ್ದ, ತೂಕ, ಹೆಣ್ಣೋ ಗಂಡೋ, ಹಂತ, ಗ್ರಂಥಿಯ ತೂಕ, ಕೊಬ್ಬು. ಬಲಬದಿಯಲ್ಲಿ ಅಗಲ ಅಂಚು ಬಿಟ್ಟು ಆ ತಿಂಗಳ ಮಳೆಯನ್ನು ಮಳೆ ಪುಸ್ತಕದಿಂದ ನಕಲು ಮಾಡಿ. ಅಳತೆ ಮುಗಿದ ಮೀನು ಕಾಚಂಪುಳಿ ಸಾರಿಗೆ, ಕರುಳು ಕಿವಿರು ಕಿತ್ತಳೆ ಗಿಡದ ಬುಡಕ್ಕೆ. ಹಂದಿ ಕೆದಕದಂತೆ ಎರಡು ಅಡಿ ಆಳದಲ್ಲಿ ಹೂಳಿ.

ಒಂದೇ ವರ್ಷದ ಪುಸ್ತಕದಿಂದ ತೀರ್ಮಾನಕ್ಕೆ ಬರಬೇಡಿ. ಎರಡನೆಯ ವರ್ಷ ಅದೇ ವಾರ, ಅದೇ ಅಂಗಡಿ, ಅದೇ ಹಲಗೆ. ಮೊದಲ ಮೇ ತಿಂಗಳ ಗೆರೆಯ ಮೇಲೆ ಎರಡನೆಯದನ್ನು ಬೇರೆ ಬಣ್ಣದಲ್ಲಿ ಎಳೆಯಿರಿ. ಆಗ ಗೆರೆ ಎಡಕ್ಕೆ ಸರಿದಿದ್ದರೆ, ಅಂದರೆ ಮತ್ತಿ ಹಿಂದಿನ ವರ್ಷಕ್ಕಿಂತ ಚಿಕ್ಕ ಮೈಯಲ್ಲೇ ತಾಯಾಗುತ್ತಿದ್ದರೆ, ಆ ಪುಟವನ್ನು ಮಡಚಿ ಗುರುತು ಮಾಡಿ, ಮುಂದಿನ ಶುಕ್ರವಾರ ಸಂತೆಗೆ ಹೋದಾಗ ಕಾಕನಿಗೆ ಮೊದಲು ತೋರಿಸಿ. ಈ ವರ್ಷದ ಹಿಂಡನ್ನು ಅವರು ದಿನವೂ ಕೈಯಲ್ಲಿ ಹಿಡಿದು ನೋಡಿರುತ್ತಾರೆ.